ಎರಡನೇ ಪಾಳಿಯ ಎರಡನೇ ಮಗ್ಗುಲು

ಪಿಟ್ಸ್‌ಬರ್ಗಿನ ವೈಲಿ ಬೀದಿಯಲ್ಲಿ ನನ್ನದೊಂದು ಅಂಗಡಿ.
ಕೆಟ್ಟ ರೆಕಾರ್ಡ್ ಪ್ಲೇಯರುಗಳ ಹೊಟ್ಟೆ ಬಿಚ್ಚಿ
ಬೆಲ್ಟು ಬದಲಿಸಿ, ಮುಳ್ಳು ಬದಲಿಸಿ
ಉಸಿರು ಮರಳಿಸುವ ಕಸುಬು. ಅಮ್ಮ ಕಲಿಸಿದ್ದು.
ರಿಪೇರಿ ಮುಗಿದ ಮೇಲೆ ಪರೀಕ್ಷೆಗೆಂದು
ಅವಳು ಹಾಕುತ್ತಿದ್ದದ್ದು ಒಂದೇ ರೆಕಾರ್ಡು,
ನಾನು ಹಾಕುವುದೂ ಅದೇ: ‘ಎರಡನೇ ಪಾಳಿ’.

ನೀಲಿ ರಟ್ಟು. ಮೂಲೆಯಲ್ಲಿ ಕಾಫಿ ಲೋಟದ ಉಂಗುರ.
ಅದು ಅಚ್ಚಿನದಲ್ಲ, ನಮ್ಮದೇ.

ಐವತ್ತೇಳರ ಜನವರಿ. ರಾತ್ರಿ ಹನ್ನೊಂದಕ್ಕೆ
ಉಕ್ಕಿನ ಕಾರ್ಖಾನೆಯ ಸಿಳ್ಳೆ ಕೂಗಿದ ಮೇಲೆ
ಮೂವರು ಗಂಡಸರು, ಮಸಿ ತೊಳೆದೂ ತೊಳೆಯದ ಕೈ,
ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ಜೆರಲ್ಡೀನ್ ಮ್ಯಾಬ್ರಿ,
ಚರ್ಚಿನ ಹಿಂದಿನ ಹಜಾರದಲ್ಲಿ ಸೇರಿದರು.
ಈಗ ಆ ಹಜಾರವಿಲ್ಲ, ಆ ಚರ್ಚಿಲ್ಲ,
ಅಲ್ಲಿ ಕಾರು ನಿಲ್ಲಿಸುತ್ತಾರೆ, ಗಂಟೆಗಿಷ್ಟು ಎಂದು.

ಮೊದಲ ಮಗ್ಗುಲು ಚೆನ್ನಾಗಿದೆ, ಅಷ್ಟೆ.
ಎಲ್ಲರೂ ಎಲ್ಲವನ್ನೂ ಸರಿಯಾಗಿ ನುಡಿಸುತ್ತಾರೆ
ಹೊಸ ನೆಂಟರ ಮನೆಯಲ್ಲಿ ಬಡಿಸಿಕೊಂಡು ಉಣ್ಣುವವರಂತೆ.
ತಿರುವಿ ಹಾಕಿ.
ಪೆಟಿಗ್ರೂನ ಸ್ಯಾಕ್ಸೊಫೋನು ಏನೋ ಹೇಳಹೊರಟು
ಅರ್ಧಕ್ಕೇ ನಿಂತು, ತುಟಿ ಒದ್ದೆ ಮಾಡಿಕೊಳ್ಳುವ ಹೊತ್ತಿಗೆ
ಗೋಡೆಯ ಹಬೆಕೊಳವೆ
ಟಣ್.
ಒಂದು ಗಳಿಗೆ ಯಾರಿಲ್ಲ. ಮತ್ತೆ
ಟಣ್ ಟಣ್.
ಡ್ರಮ್ಮಿನ ಟಾರ್ವರ್ ಏನು ಮಾಡಬೇಕು ಹೇಳಿ?
ನಿಲ್ಲಿಸಲಿಲ್ಲ. ಅಂಚಿಗೆ ಕಡ್ಡಿ ತಾಗಿಸಿ
‘ಓಗೊಟ್ಟೆ, ಒಳಗೆ ಬಾ’ ಎಂಬಂತೆ ಮೂರು ಪೆಟ್ಟು.
ಬಾಸ್ ನಕ್ಕಿತು. ನಿಜ, ನಕ್ಕಿತು, ಕೇಳಿಸುತ್ತದೆ.
ಅಲ್ಲಿಂದ ಮುಂದೆ ಹದಿನೇಳು ನಿಮಿಷ
ನಾನು ಯಾವ ಸ್ಕ್ರೂ ಕೂಡ ಬಿಗಿಯಲಾರೆ.

ಬಸ್ಸು ಓಡಿಸುವವನೊಬ್ಬ ಆ ಟಣ್ಣಿಗಾಗಿ
ಕಣ್ಣು ಮುಚ್ಚಿ ಕಾಯುತ್ತಾನೆ, ಹಸಿರು ದೀಪಕ್ಕೂ ಹಾಗೆ ಕಾಯದವನು.
ಜಾಜ್ ಎಂದರೆ ಏನೆಂದೇ ಅರಿಯದ ವಾಂಡಾ ಕೊವಾಲ್ಚಿಕ್
ರೇಡಿಯೋ ಒಯ್ಯಲು ಬಂದವಳು ಬಾಗಿಲಲ್ಲೇ ನಿಂತು
‘ಇದು ನಮ್ಮ ಮನೆಯ ಕೊಳವೆ’ ಎಂದಳು,
ಸುಮ್ಮನೆ ಕೂತಳು, ಕೊನೆಯವರೆಗೂ.

ಹೋದ ವರ್ಷ ಹೊಸ ಮುದ್ರಣ ಬಂತು. ತೊಳೆದು, ಬಳಿದು,
ಚಿಟಿಕೆ ಧೂಳಿಲ್ಲ, ಕರಕರ ಇಲ್ಲ,
ಕೊಳವೆಯೂ ಇಲ್ಲ.
ನೆಗಡಿ ಬಂತೆಂದು ಮೂಗು ಕೊಯ್ದಂತೆ.

ಅದನ್ನೇ ಕಿವಿಗೆ ಹಾಕಿಕೊಂಡು ಬೆಳೆದ ಟೆವಿನ್,
ಹದಿನೈದರ ಹುಡುಗ, ಅಜ್ಜನ ಪೆಟ್ಟಿಗೆ ಹೊತ್ತು ತಂದವನು,
ಕೇಳಿದ: ‘ನಾಲ್ಕನೇ ನಿಮಿಷದಲ್ಲಿ ಡ್ರಮ್ಮಿನವನು
ತಾಳ ತಪ್ಪುತ್ತಾನಲ್ಲ, ಯಾಕೆ?’

ನಾನೇನೂ ಹೇಳಲಿಲ್ಲ. ನೀಲಿ ರಟ್ಟಿನಿಂದ ತೆಗೆದು ಮುಳ್ಳಿಳಿಸಿದೆ.
ಟಣ್.
ಅವನ ಬಾಯಿ ಹಾಗೇ ತೆರೆದುಕೊಂಡಿತು.
‘ಯಾರದೋ ಮಾತಿಗೆ ಉತ್ತರ ಅದು!’

ಒಮ್ಮೆ ಟಾರ್ವರನನ್ನು ಅಮ್ಮ ಕೇಳಿದ್ದಳಂತೆ,
ಇದೇ ಮೇಜಿನ ಆಚೆ ನಿಂತಿದ್ದ, ಮುದುಕ, ಟೋಪಿ ಕೈಯಲ್ಲಿ:
ಅಷ್ಟು ಚುರುಕಾಗಿ ಹೇಗೆ ಹೊಳೆಯಿತು?
‘ಹೊಳೆಯುವುದೇನು ಬಂತು ತಾಯೀ’ ಎಂದನಂತೆ,
‘ಸಂಜೆಯಿಂದ ಬಾಯ್ಲರ್ ಕೆಟ್ಟಿತ್ತು. ಬೆರಳು ಮರಗಟ್ಟಿತ್ತು.
ಪಾದ್ರಿಯ ತಮ್ಮ ಕೆಳಗೆ ಸಲಾಕೆ ಹಿಡಿದು ಒದ್ದಾಡುತ್ತಿದ್ದ.
ಟಣ್ ಅಂದರೆ
ಬಿಸಿ ಹತ್ತಿತು ಅಂತ.
ಕೃತಜ್ಞತೆಗೆ ಬಾರಿಸಿದೆ.’

ಟೆವಿನ್ ಇನ್ನೊಮ್ಮೆ ಹಾಕಿ ಎಂದ. ಹಾಕಿದೆ. ಇನ್ನೊಮ್ಮೆ.
ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕಾಣುತ್ತದೆ,
ಅಮ್ಮನ ಮುಳ್ಳು, ನನ್ನ ಮುಳ್ಳು ಇಳಿದಿಳಿದು
ಅಷ್ಟೇ ಜಾಗ ಬೂದಿ ಬಣ್ಣಕ್ಕೆ ತಿರುಗಿದೆ,
ಮೊದಲಿನಷ್ಟು ಗಟ್ಟಿಯಾಗಿ ಈಗ ಕೇಳಿಸುವುದಿಲ್ಲ.
ಕೇಳಿದಷ್ಟೂ ಸವೆಯುವ ವಸ್ತು. ಗೊತ್ತು.
ಕೇಳದೆ ಇಟ್ಟು ಏನು ಮಾಡಲಿ?

ಹೊರಗೆ ಹಿಮ. ಹುಡುಗ ಮೇಜಿಗೆ ಮೊಣಕೈಯೂರಿ
ನೋಡುತ್ತಿದ್ದ, ತಟ್ಟೆ ತಿರುಗುವುದನ್ನು.
ಹದಿನೇಳು ನಿಮಿಷದ ನಡುವೆ ಎಲ್ಲೋ
ತಾನರಿಯದೆಯೇ
ಕೈಗವಸು ಬಿಚ್ಚಿಟ್ಟಿದ್ದ.